ಮೇಜಿನ ಕನಿಷ್ಠ ಪಣ ಮತ್ತು ಮನುಷ್ಯನ ಆಯ್ಕೆ

ಜೂಜಿನ ವಿಷಯದಲ್ಲಿ ನಮ್ಮಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ಜೂಜು ಮನೆ ಹಾಳುಮಾಡುತ್ತದೆ ಎಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಕೇಳುವವರು ತಲೆಯಾಡಿಸುತ್ತಲೇ ಬಂದಿದ್ದಾರೆ. ಆಡುವವರು ಆಡುತ್ತಲೇ ಇದ್ದಾರೆ. ಉಪದೇಶ ಫಲಿಸದಿರುವುದಕ್ಕೆ ಒಂದು ಮುಖ್ಯ ಕಾರಣವುಂಟು. ಜೂಜುಗಾರ ತನ್ನನ್ನು ಅವಿವೇಕಿಯೆಂದು ಎಂದೂ ಎಣಿಸುವುದಿಲ್ಲ. "ನಾನು ಹತ್ತು ರೂಪಾಯಿ ಮಾತ್ರ ಕಟ್ಟುತ್ತೇನೆ", "ನನ್ನ ಕೈಗೆ ಎಟುಕುವ ಮೇಜಿನಲ್ಲಿ ಮಾತ್ರ ಕೂರುತ್ತೇನೆ" ಎಂದು ಅವನು ಹೇಳುತ್ತಾನೆ. ತಾನು ಯೋಚಿಸಿ, ಅಳೆದು, ಆರಿಸಿಕೊಂಡಿದ್ದೇನೆಂಬುದು ಅವನ ದೃಢ ನಂಬಿಕೆ. ಆ ಆಯ್ಕೆ ನಿಜವಾಗಿಯೂ ಅವನದೇ ಎಂಬುದು ಇಂದು ನಾವು ವಿಚಾರಿಸಬೇಕಾದ ಪ್ರಶ್ನೆ.

ಸಾಸ್ವೆಹಳ್ಳಿ, ಹೊನ್ನಾಳಿ, ಚನ್ನಗಿರಿ ಸೀಮೆಯವರಾದ ನಮಗೆ ಇದು ದೂರದ ಮಾತಲ್ಲ. ಅಡಿಕೆಯ ಖೇಣಿ ಹಣ ಕೈಸೇರುವ ಕಾಲವೂ ದೀಪಾವಳಿಯ ಇಸ್ಪೀಟಾಟವೂ ಅಕ್ಕಪಕ್ಕದಲ್ಲಿಯೇ ಬರುತ್ತವೆ. ಯುಗಾದಿಯ ಮರುದಿನವೂ ಹಬ್ಬದ ಹೆಸರಿನಲ್ಲಿ ಎಲೆಗಳು ಬೀಳುತ್ತವೆ. ಓಸಿ ಚೀಟಿಯ ಪರಿಚಯವಿಲ್ಲದ ಪೇಟೆ ನಮ್ಮಲ್ಲಿ ವಿರಳ. ಇನ್ನು ಹರಿಹರ, ಹುಬ್ಬಳ್ಳಿ ದಾರಿಯಾಗಿ ಗೋವೆಗೆ ಒಂದು ರಾತ್ರಿಯ ಪ್ರಯಾಣ. ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ನದಿ ಅಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ಅದರ ದಡದ ಹಳೆ ಗೋವೆಯಲ್ಲಿ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ನಡೆಯಿತು. ಅದೇ ನದಿಯಲ್ಲಿ ಸ್ವಲ್ಪ ಕೆಳಗೆ, ಪಣಜಿಯ ಎದುರು, ರಾತ್ರಿಯೆಲ್ಲ ದೀಪ ಉರಿಸಿಕೊಂಡು ಕ್ಯಾಸಿನೋ ಹಡಗುಗಳು ನಿಂತಿವೆ. ಯಾತ್ರೆಗೆ ಹೋದವರಿಗೂ ವಿಹಾರಕ್ಕೆ ಹೋದವರಿಗೂ ಅವು ಕಾಣದೆ ಇರುವುದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಜೂಜಿನ ಲೆಕ್ಕಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನು ಭಕ್ತಿವಂತ ಕ್ರೈಸ್ತ ತತ್ತ್ವಜ್ಞಾನಿಯೇ ಎಂಬುದು ಸ್ಮರಣೀಯ. 1654ರಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಮತ್ತು ಪಿಯೆರ್ ಫರ್ಮಾ ಪರಸ್ಪರ ಪತ್ರ ಬರೆದುಕೊಂಡು, ಅರ್ಧದಲ್ಲಿ ನಿಂತ ಆಟದ ಪಣವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಯನ್ನು ಬಿಡಿಸಿದರು. ಅಂದಿನಿಂದ ಯಾವ ಆಟದಲ್ಲಿ ಎಷ್ಟು ಗೆಲುವು ನಿರೀಕ್ಷಿಸಬಹುದೆಂಬುದು ಗುಟ್ಟಾಗಿ ಉಳಿದಿಲ್ಲ. ಆಟ ನಡೆಸುವವನು ಅದನ್ನು ಚೆನ್ನಾಗಿ ಬಲ್ಲ. ಆಡುವವನು ತಿಳಿಯಲು ಮನಸ್ಸು ಮಾಡುವುದಿಲ್ಲ, ವ್ಯತ್ಯಾಸವಿರುವುದು ಇಷ್ಟೇ.

ಓಸಿಯನ್ನೇ ತೆಗೆದುಕೊಳ್ಳಿ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಧಾರಣೆಯ ಆರಂಭ ಮತ್ತು ಮುಕ್ತಾಯದ ಅಂಕಿಗಳ ಮೇಲೆ ಪಣ ಕಟ್ಟುತ್ತಿದ್ದ ರೂಢಿಯಿಂದ ಹುಟ್ಟಿದ ಆಟ ಇದು. ಓಪನ್, ಕ್ಲೋಸ್ ಎಂಬ ಆ ಮಾತುಗಳೇ ಓಸಿ ಆದವು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು, ಬರುವುದು ಒಂದು, ಬಂದರೆ ಸಾಮಾನ್ಯವಾಗಿ ಕೊಡುವುದು ಒಂಬತ್ತು ಪಟ್ಟು. ಒಬ್ಬನು ಹತ್ತೂ ಅಂಕಿಗಳಿಗೆ ಹತ್ತು ಹತ್ತು ರೂಪಾಯಿ ಕಟ್ಟಿದನೆನ್ನೋಣ. ನೂರು ರೂಪಾಯಿ ಕೊಟ್ಟು ಅವನು ಪಡೆಯುವುದು ತೊಂಬತ್ತು. ಉಳಿದ ಹತ್ತು ರೂಪಾಯಿ ಚೀಟಿ ಬರೆಸುವವನ ಪಾಲು. ಒಂದೇ ಅಂಕಿಗೆ ಕಟ್ಟುವವನಿಗೆ ಇದು ಕಾಣುವುದಿಲ್ಲ. ಆದರೆ ಊರಿನವರೆಲ್ಲರೂ ಸೇರಿ ಹತ್ತೂ ಅಂಕಿಗಳಿಗೆ ಕಟ್ಟಿಯೇ ಇರುತ್ತಾರೆ.

ಈಗ ಹಡಗಿನ ರೂಲೆಟ್ ಚಕ್ರಕ್ಕೆ ಬನ್ನಿ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆಗಳಿವೆ. ಪ್ರತಿ ಮನೆಗೂ ನೂರು ರೂಪಾಯಿಯಂತೆ 3,700 ಇಟ್ಟರೆ, ಗೆದ್ದ ಮನೆಗೆ ಇಟ್ಟ ನೂರೂ ಸೇರಿ 3,600 ಮರಳುತ್ತದೆ. ನೂರಕ್ಕೆ ಸುಮಾರು 2 ರೂಪಾಯಿ 70 ಪೈಸೆ ಆಟದ ಮನೆಗೆ ಹೋಯಿತು. ನಮ್ಮ ನಾಡಿನದೇ ಆದ ಅಂದರ್-ಬಾಹರ್‌ನಲ್ಲಿ ಎಲೆ ಮೊದಲು ಬೀಳುವ ಬದಿ ಗೆಲ್ಲುವ ಸಾಧ್ಯತೆ ನೂರಕ್ಕೆ 51.5. ಕ್ಯಾಸಿನೋ ಅದನ್ನು ಅರಿತು ಆ ಬದಿಯ ಗೆಲುವಿಗೆ ನೂರಕ್ಕೆ ತೊಂಬತ್ತನ್ನೇ ಕೊಡುವುದು ರೂಢಿ. ಯಾವ ಬದಿಗೆ ಕಟ್ಟಿದರೂ ನೂರಕ್ಕೆ ಎರಡು ಮೂರು ರೂಪಾಯಿ ಅವರ ಪಾಲಿಗೆ ನಿಶ್ಚಿತ.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹತ್ತು ರೂಪಾಯಿಯ ಕೂಲಿಯವನ ಆಟದಲ್ಲಿ ನೂರಕ್ಕೆ ಹತ್ತು ಕಡಿತ. ಸಾವಿರ ಸಾವಿರ ಇಡುವವನ ಆಟದಲ್ಲಿ ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಕಡಿಮೆ ಪಣದ ಆಟ ಬಡವನ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. ಬಡವನು ತನ್ನ ಸೋಲಿಗೆ ತೆರುವ ದರವೇ ಹೆಚ್ಚು. ಇದು ನಮ್ಮಲ್ಲಿ ಮಾತ್ರವೇ ಅಲ್ಲ. ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಒಂದು ಸೊನ್ನೆಯ ಚಕ್ರಕ್ಕೆ ಕೂರಬೇಕಾದರೆ ಬಹುಮಟ್ಟಿಗೆ ಹೆಚ್ಚಿನ ಕನಿಷ್ಠ ಪಣ ಇಡಬೇಕು. ಅಗ್ಗದ ಮೇಜುಗಳಲ್ಲಿ ಎರಡು ಸೊನ್ನೆ, ಇತ್ತೀಚೆಗೆ ಮೂರು ಸೊನ್ನೆಯ ಚಕ್ರಗಳು ಬಂದಿವೆ. ಎರಡು ಸೊನ್ನೆಯಾದರೆ ಆಟದ ಮನೆಯ ಪಾಲು ನೂರಕ್ಕೆ 5.26, ಮೂರಾದರೆ 7.69. ಬ್ಲ್ಯಾಕ್‌ಜಾಕ್ ಎಂಬ ಎಲೆಯಾಟದಲ್ಲಿಯೂ ಹಾಗೆಯೇ: ಹೆಚ್ಚಿನ ಪಣದ ಮೇಜಿನಲ್ಲಿ ವಿಶೇಷ ಗೆಲುವಿಗೆ ಎರಡಕ್ಕೆ ಮೂರು ಕೊಟ್ಟರೆ, ಅಗ್ಗದ ಮೇಜಿನಲ್ಲಿ ಅನೇಕ ಕಡೆ ಐದಕ್ಕೆ ಆರು ಮಾತ್ರ. ಫಲಕದ ಮೇಲೆ ಸಣ್ಣ ಮೊತ್ತವನ್ನು ಕಂಡು ಕೂರುವವನು ಆ ಮೊತ್ತವನ್ನು ಓದುತ್ತಾನೆಯೇ ಹೊರತು ಚಕ್ರದ ಸೊನ್ನೆಗಳನ್ನು ಎಣಿಸುವುದಿಲ್ಲ.

ಹಾಗಾದರೆ ಹೆಚ್ಚಿನ ಪಣದ ಮೇಜೇ ಮೇಲೇ? ಅದೂ ಅಲ್ಲ. ಚಕ್ರ ಗಂಟೆಗೆ ನಲವತ್ತು ಬಾರಿ ತಿರುಗಿತೆಂದರೆ ಐದು ಗಂಟೆಗೆ ಇನ್ನೂರು ಬಾರಿ. ಪ್ರತಿ ಸಲ ನೂರು ರೂಪಾಯಿಯಂತೆ ಇಟ್ಟವನು ಒಟ್ಟು ಇಪ್ಪತ್ತು ಸಾವಿರ ಪಣ ಇಟ್ಟ ಹಾಗಾಯಿತು. ಸರಾಸರಿ ನಷ್ಟ 540 ರೂಪಾಯಿ. ಮೇಜಿನ ಕನಿಷ್ಠ ಪಣ ಸಾವಿರವಾದರೆ ನಷ್ಟ 5,400. ಇದು ಸರಾಸರಿಯ ಮಾತು. ಹತ್ತು ಸಾವಿರ ರೂಪಾಯಿ ಹಿಡಿದು ಹೋದವನ ಸ್ಥಿತಿ ಇದಕ್ಕಿಂತಲೂ ಕಠಿಣ. ನೂರರ ಮೇಜಿನಲ್ಲಿ ಅವನ ಬಳಿ ನೂರು ಪಣಗಳಿವೆ. ಕೆಂಪು ಕಪ್ಪುಗಳ ಮೇಲೆ ಇಡುತ್ತ ಹೋದರೆ ಅಷ್ಟನ್ನೂ ಆ ರಾತ್ರಿಯೇ ಕಳೆದುಕೊಳ್ಳುವುದು ಅಸಾಧ್ಯವೆನ್ನುವಷ್ಟು ಅಪರೂಪ. ಸಾವಿರದ ಮೇಜಿನಲ್ಲಿ ಅವನ ಬಳಿ ಇರುವುದು ಹತ್ತೇ ಪಣ. ಅಂಥ ಹತ್ತು ಮಂದಿಯಲ್ಲಿ ಸರಿಸುಮಾರು ಆರು ಮಂದಿ ಇನ್ನೂರು ಸುತ್ತು ಮುಗಿಯುವ ಮೊದಲೇ ಬರಿಗೈಯಾಗುತ್ತಾರೆ. ಚಕ್ರವೂ ಅದೇ, ಸೊನ್ನೆಯೂ ಅದೇ. ಕನಿಷ್ಠ ಪಣ ಬದಲಾದ ಮಾತ್ರಕ್ಕೆ ಮನುಷ್ಯನ ಗತಿ ಬದಲಾಯಿತು. ಅಗ್ಗದ ಮೇಜು ನಿಧಾನವಾಗಿ ಸವೆಸುತ್ತದೆ, ದುಬಾರಿ ಮೇಜು ಬೇಗನೆ ಮುಗಿಸುತ್ತದೆ. ವಾರಾಂತ್ಯದಲ್ಲಿ, ಜನ ತುಂಬಿದಾಗ, ಕನಿಷ್ಠ ಪಣವನ್ನು ಏರಿಸುವುದು ಈ ವ್ಯಾಪಾರದ ಸಾಮಾನ್ಯ ಕ್ರಮ. ಅಷ್ಟು ದೂರದಿಂದ ಬಂದವನು ಆಡದೆ ಹಿಂದಿರುಗುವುದಿಲ್ಲವೆಂಬುದು ಅವರಿಗೆ ಗೊತ್ತು.

"ಸೋತಾಗ ಇಮ್ಮಡಿ ಕಟ್ಟಿದರೆ ಒಂದಲ್ಲ ಒಂದು ಸಲ ಗೆದ್ದೇ ಗೆಲ್ಲುತ್ತೇವಲ್ಲ?" ಎಂಬ ಯುಕ್ತಿಯನ್ನು ನಮ್ಮ ತರುಣರು ಹೇಳುವುದುಂಟು. ಮೇಜಿಗೆ ಕನಿಷ್ಠ ಪಣವಿರುವಂತೆ ಗರಿಷ್ಠ ಪಣವೂ ಇರುತ್ತದೆಂಬುದನ್ನು ಅವರು ಗಮನಿಸುವುದಿಲ್ಲ. ಕನಿಷ್ಠ ನೂರು, ಗರಿಷ್ಠ ಹತ್ತು ಸಾವಿರ ಎನ್ನೋಣ. ನೂರು, ಇನ್ನೂರು, ನಾನೂರು ಎಂದು ಏರುತ್ತ ಏಳನೆಯ ಸಲಕ್ಕೆ 6,400 ಆಗುತ್ತದೆ. ಎಂಟನೆಯದು 12,800, ಅದಕ್ಕೆ ಮೇಜಿನಲ್ಲಿ ಅವಕಾಶವಿಲ್ಲ. ಅಷ್ಟರಲ್ಲಿ ಹೋದದ್ದು 12,700. ಏಳು ಸಲ ಸತತವಾಗಿ ಸೋಲುವುದು ಅಪರೂಪವೇನಲ್ಲ. ನೂರಾರು ಪ್ರಯತ್ನಗಳಲ್ಲಿ ಒಂದು ಸಲಕ್ಕೆ ಸಮೀಪವಾಗಿ ಅದು ಸಂಭವಿಸುತ್ತದೆ. ಉಳಿದ ನೂರೈದು ಸಲ ಗೆದ್ದರೂ ಕೈಗೆ ಬರುವುದು 10,500 ಮಾತ್ರ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ಕಪ್ಪು ಬಣ್ಣ ಸತತವಾಗಿ 26 ಬಾರಿ ಬಂದಿತು. ಇನ್ನು ಕೆಂಪು ಬರಲೇಬೇಕೆಂದು ಪಣ ಏರಿಸುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ, ಮನುಷ್ಯನಿಗೆ ನೆನಪಿದೆ. ಆ ನೆನಪೇ ಅವನನ್ನು ಕೆಡಿಸಿತು.

ಮಹಾಭಾರತದ ದ್ಯೂತಸಭೆಯಲ್ಲಿ ಶಕುನಿಗೆ ಕಪಟ ಬೇಕಾಯಿತು. ಇಂದಿನ ಶಕುನಿಗೆ ಮೋಸದ ದಾಳದ ಅಗತ್ಯವಿಲ್ಲ. ನ್ಯಾಯವಾದ ದಾಳವೇ ಅವನಿಗೆ ಸಾಕು. ಧರ್ಮರಾಯನು ಸಂಪತ್ತಿನಿಂದ ತೊಡಗಿ ರಾಜ್ಯಕ್ಕೆ, ತಮ್ಮಂದಿರಿಗೆ, ತನಗೆ, ಕಡೆಗೆ ದ್ರೌಪದಿಗೆ ಬಂದು ನಿಂತನು. ಪ್ರತಿ ಹೆಜ್ಜೆಯಲ್ಲಿಯೂ ಅವನು ತಾನೇ ನಿರ್ಧರಿಸುತ್ತಿದ್ದಾನೆಂದು ತೋರುತ್ತದೆ. ವಾಸ್ತವವಾಗಿ ಪ್ರತಿ ಸೋಲೂ ಮುಂದಿನ ಪಣವನ್ನು ನಿರ್ಧರಿಸುತ್ತಿತ್ತು.

ಇಲ್ಲಿಯೇ ಸ್ವಾತಂತ್ರ್ಯದ ಪ್ರಶ್ನೆ ಏಳುತ್ತದೆ. ಆಯ್ಕೆಯೆಂಬುದು ಗುರಿಯನ್ನು ತಲಪುವ ಸಾಧನಗಳ ಕುರಿತಾದದ್ದು ಎಂದು ಅರಿಸ್ಟಾಟಲನೂ ಅವನನ್ನು ಅನುಸರಿಸಿ ಸಂತ ಥಾಮಸ್ ಅಕ್ವಿನಾಸರೂ ವಿವೇಚಿಸಿದ್ದಾರೆ. ಯಾವ ಮೇಜು, ಯಾವ ಬಣ್ಣ, ಎಷ್ಟು ಬಿಲ್ಲೆ ಎಂಬ ನೂರು ಆಯ್ಕೆಗಳನ್ನು ಜೂಜುಗಾರನ ಮುಂದೆ ಇಡಲಾಗಿದೆ. ಆದರೆ ಆ ಎಲ್ಲ ದಾರಿಗಳೂ ಸೇರುವ ಗುರಿಯನ್ನು ಇನ್ನೊಬ್ಬನು ಮೊದಲೇ ಗೊತ್ತುಮಾಡಿದ್ದಾನೆ. ಇದು ಸ್ವಾತಂತ್ರ್ಯದ ವೇಷ ಮಾತ್ರ. ನಿಜವಾದ ಆಯ್ಕೆ ಇರುವುದು ಮೇಜಿನ ಮುಂದೆ ಕೂರುವ ಮೊದಲು; ಕೂತ ಬಳಿಕ ಉಳಿಯುವುದು ಎಷ್ಟು ಬೇಗ ಸೋಲಬೇಕೆಂಬ ಆಯ್ಕೆಯೊಂದೇ.

ಇದಕ್ಕೆ ಎದುರು ವಾದಗಳಿಲ್ಲದಿಲ್ಲ. ರಮ್ಮಿ ಕೌಶಲದ ಆಟವೆಂದು 1967ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆಯಲ್ಲ ಎನ್ನುವವರಿದ್ದಾರೆ. ನಿಜ. ಆದರೆ ಒಬ್ಬನ ಕೌಶಲಕ್ಕೆ ದೊರೆಯುವ ಹಣ ಮತ್ತೊಬ್ಬನ ಮನೆಯಿಂದಲೇ ಬರಬೇಕು, ಆಡಿಸುವವನಾದರೋ ಇಬ್ಬರಿಂದಲೂ ಪಾಲು ಪಡೆಯುತ್ತಾನೆ. ಮೊಬೈಲಿನಲ್ಲಿ ಕೆಲವೇ ರೂಪಾಯಿಗಳಿಗೆ ಇಂಥ ಆಟಗಳು ದೊರೆತಾಗ ಏನಾಯಿತೆಂಬುದನ್ನು ಅನೇಕ ಕುಟುಂಬಗಳು ಅನುಭವಿಸಿದ ಮೇಲೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಕರ್ನಾಟಕವಂತೂ 2007ರಲ್ಲಿಯೇ ಲಾಟರಿಯನ್ನು ನಿಲ್ಲಿಸಿತು. ಗೋವೆ ಮಾತ್ರ 1976ರ ತನ್ನ ಜೂಜು ಶಾಸನವನ್ನು ತೊಂಬತ್ತರ ದಶಕದಲ್ಲಿ ತಿದ್ದಿ ಕ್ಯಾಸಿನೋಗಳಿಗೆ ದಾರಿ ಮಾಡಿಕೊಟ್ಟಿತು. 2020ರ ಫೆಬ್ರುವರಿ 1ರಿಂದ ತನ್ನ ಸ್ವಂತ ಜನರಿಗೆ ಅವುಗಳ ಪ್ರವೇಶವನ್ನು ನಿಷೇಧಿಸಿತು. ತನ್ನ ಮಕ್ಕಳಿಗೆ ಬೇಡವೆನಿಸಿದ ಊಟವನ್ನು ನೆರೆಮನೆಯ ಮಕ್ಕಳಿಗೆ ಬಡಿಸುವ ಈ ಔದಾರ್ಯದ ಅರ್ಥವನ್ನು ನೆರೆಮನೆಯವರಾದ ನಾವೇ ತಿಳಿದುಕೊಳ್ಳಬೇಕು.

"ನಿಮ್ಮ ಚರ್ಚಿನ ಹಬ್ಬದಲ್ಲಿಯೂ ಲಕ್ಕಿ ಡಿಪ್ ಚೀಟಿ ಮಾರುತ್ತೀರಲ್ಲ ಸ್ವಾಮಿ?" ಎಂದು ಕೇಳುವವರಿಗೂ ಉತ್ತರ ಹೇಳಬೇಕು. ಪ್ರಶ್ನೆ ನ್ಯಾಯವಾದದ್ದೇ. ಅದೃಷ್ಟದ ಆಟ ತನ್ನಷ್ಟಕ್ಕೆ ತಾನೇ ಅನ್ಯಾಯವಲ್ಲ. ತನ್ನ ಮತ್ತು ತನ್ನವರ ಅಗತ್ಯಗಳಿಗೆ ಬೇಕಾದುದನ್ನು ಅದು ಕಸಿದಾಗ ಸ್ವೀಕಾರಾರ್ಹವಲ್ಲದ್ದಾಗುತ್ತದೆ, ಅದರ ಗೀಳು ಮನುಷ್ಯನನ್ನು ದಾಸನನ್ನಾಗಿ ಮಾಡುವ ಅಪಾಯವಿದೆ ಎಂಬುದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಉಪದೇಶ ಗ್ರಂಥದ 2413ನೆಯ ಪರಿಚ್ಛೇದದ ಸಾರ. ಒಂದು ಚೀಟಿ ಕೊಂಡು, ಸೋತರೂ ಶಾಲೆಯ ಚಾವಣಿಗೆ ಹಣ ಹೋಯಿತೆಂದು ನಕ್ಕು ಮನೆಗೆ ಹೋಗುವವನಿಗೆ ದಾಸ್ಯವಿಲ್ಲ. ಅಲ್ಲಿ ಚೀಟಿ ಮಾರುವವನು ಅವನನ್ನು ಮತ್ತೆ ಮತ್ತೆ ಕೂರಿಸುವುದಿಲ್ಲ. ಈ ಮೇರೆ ಮೀರಿದ ದಿನ, ಚೀಟಿಯ ಮೊತ್ತ ಕೂಲಿಯವನ ಒಂದು ದಿನದ ಸಂಬಳವನ್ನು ಮುಟ್ಟಿದ ದಿನ, ನಮ್ಮ ಹಬ್ಬದ ಚೀಟಿಗೂ ಇದೇ ಮಾತು ಅನ್ವಯಿಸುತ್ತದೆ. ಧರ್ಮಕೇಂದ್ರಗಳ ಸಮಿತಿಗಳು ಇದನ್ನು ಮರೆಯಬಾರದು.

ನಾವು ಮಾಡಬಹುದಾದದ್ದೇನು? ಹೈಸ್ಕೂಲು, ಕಾಲೇಜುಗಳಲ್ಲಿ ಸಂಭವನೀಯತೆಯ ಪಾಠ ಮಾಡುವ ಅಧ್ಯಾಪಕರು ನಾಣ್ಯ, ದಾಳಗಳ ಜೊತೆಗೆ ಓಸಿಯ ಲೆಕ್ಕವನ್ನೂ ಒಂದು ದಿನ ಕರಿಹಲಗೆಯ ಮೇಲೆ ಬಿಡಿಸಲಿ. ಹತ್ತು ಅಂಕಿ, ಒಂಬತ್ತು ಪಟ್ಟು, ಅಷ್ಟೇ ಸಾಕು. ಅಡಿಕೆಯ ಹಣ ಬಂದ ಮನೆಗಳಲ್ಲಿ ಗಂಡಹೆಂಡಿರು ಕೂಡಿ ಕೂತು, ಸಾಲ, ಶಾಲೆ, ಗೊಬ್ಬರಗಳ ಪಾಲನ್ನು ಹಬ್ಬಕ್ಕೆ ಮೊದಲೇ ತೆಗೆದಿಡಲಿ. ಗೋವೆಗೆ ಹೊರಟ ಮಕ್ಕಳಿಗೆ ಬೈಗಳಿಗಿಂತ ಈ ಲೆಕ್ಕ ಹೆಚ್ಚು ನಾಟೀತು. ಈಗಾಗಲೇ ಬಿಡಲಾರದ ಸ್ಥಿತಿಗೆ ಬಂದವರನ್ನು ನಿಂದಿಸಿ ಫಲವಿಲ್ಲ. ಜೂಜಿನ ಗೀಳನ್ನು ವೈದ್ಯಶಾಸ್ತ್ರವು ರೋಗವೆಂದೇ ಪರಿಗಣಿಸಿದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ.

ಕೋರ್ಟಿನ ವ್ಯಾಜ್ಯದ ವಿಷಯವಾಗಿ ನಮ್ಮ ಜನ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಜೂಜಿಗೂ ಆ ಮಾತು ಸಲ್ಲುತ್ತದೆ, ಒಂದು ವ್ಯತ್ಯಾಸದೊಡನೆ. ವ್ಯಾಜ್ಯವನ್ನು ಇನ್ನೊಬ್ಬನು ನಮ್ಮ ಮೇಲೆ ಹೂಡಬಹುದು. ಮೇಜಿನ ಮುಂದಿನ ಕುರ್ಚಿಯನ್ನಾದರೋ ನಾವೇ ಎಳೆದುಕೊಂಡು ಕೂರಬೇಕು. ಅದನ್ನು ಎಳೆಯದಿರುವ ಸ್ವಾತಂತ್ರ್ಯ ಇಂದಿಗೂ ಸಂಪೂರ್ಣವಾಗಿ ನಮ್ಮದೇ.