ಹಳಿ ಎರಡಾಗುವ ಮೊದಲು ಸಂಕೇತ ಸರಿಯಾಗಲಿ

ಬೆಂಗಳೂರಿನ ತಿಲಕ್ ನಗರದ ಸಮೀಪದಲ್ಲಿಯೇ ಜಯದೇವ ಆಸ್ಪತ್ರೆ ಮೆಟ್ರೋ ನಿಲ್ದಾಣವಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಸುಮಾರು 19 ಕಿ.ಮೀ. ಸಾಗುವಾಗ ಈ ನಿಲ್ದಾಣವನ್ನು ಹಾದುಹೋಗುತ್ತದೆ. ಈ ಮಾರ್ಗದ ಸಂಕೇತ ಹಾಗೂ ರೈಲು ನಿಯಂತ್ರಣ ವ್ಯವಸ್ಥೆಯನ್ನು ಪೂರೈಸಿದ್ದು ಸೀಮೆನ್ಸ್ ಕಂಪನಿ. ಮೊದಲ ಹಂತದ ನೇರಳೆ ಮತ್ತು ಹಸಿರು ಮಾರ್ಗಗಳಿಗೆ ಇದೇ ಕೆಲಸ ಮಾಡಿದ್ದು ಆಲ್‌ಸ್ಟಾಮ್. ರಾಜಧಾನಿಯ ಸಿಗ್ನಲ್ ಕಂಪನಿಗಳ ವಿಚಾರ ಘಟ್ಟದ ಜನರ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಘಟ್ಟದ ಕಾಡಿನ ಮೇಲೆ ಹೊಸ ಹಳಿ ಹಾಕಬೇಕೆಂಬ ಪ್ರತಿಯೊಂದು ವಾದಕ್ಕೂ ಈ ಕಂಪನಿಗಳು ಮಾರುವ ಸರಕಿನಲ್ಲಿಯೇ ಅರ್ಧ ಉತ್ತರವಿದೆ. ಆ ಉತ್ತರವನ್ನು ನಮ್ಮಿಂದ ಮರೆಮಾಡಲಾಗುತ್ತಿದೆ.

ಸಂಕೇತ ವ್ಯವಸ್ಥೆಯ ಮೂಲತತ್ತ್ವ ಸರಳವಾದುದು. ಹಳೆಯ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಮುಂದಿನ ರೈಲು ಆ ನಿಲ್ದಾಣವನ್ನು ತಲಪುವವರೆಗೂ ಹಿಂದಿನದು ಕಾಯಬೇಕು. ಈ ಅಂತರವನ್ನು ತುಂಡುತುಂಡಾಗಿ ವಿಭಾಗಿಸಿ ಸ್ವಯಂಚಾಲಿತ ಸಿಗ್ನಲ್ ಇಟ್ಟರೆ ಅದೇ ದಿಕ್ಕಿನಲ್ಲಿ ಹೆಚ್ಚು ರೈಲುಗಳು ಸಾಗಬಲ್ಲವು. ಮೆಟ್ರೋದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೈಲು ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ರೇಡಿಯೋ ಮೂಲಕ ಕ್ಷಣಕ್ಷಣವೂ ತಿಳಿದು, ಹಿಂದಿನ ರೈಲಿಗೆ ಸುರಕ್ಷಿತವಾಗಿ ನಿಲ್ಲಲು ಬೇಕಾದಷ್ಟೇ ಅಂತರವನ್ನು ಕಾಯ್ದುಕೊಳ್ಳಲಾಗುತ್ತದೆ. ಹಳಿ ಅಷ್ಟೇ, ನೆಲ ಅಷ್ಟೇ; ಸಾಗುವ ರೈಲು ಮಾತ್ರ ಹೆಚ್ಚು. ಬೇಸಾಯದ ಮಾತಿನಲ್ಲಿ ಹೇಳುವುದಾದರೆ, ನೀರು ಸಾಲದೆಂದು ಅಣೆಕಟ್ಟು ಕಟ್ಟಲು ಹೊರಡುವ ಮೊದಲು ಇರುವ ಕೆರೆಯ ತೂಬನ್ನೂ ಕಾಲುವೆಯನ್ನೂ ಸರಿಪಡಿಸಿ ನೋಡುವುದು.

ಘಟ್ಟದಲ್ಲಿ ಈ ವಿವೇಕ ಕಾಣುವುದಿಲ್ಲ. ಸಾಮರ್ಥ್ಯ ಸಾಲದು ಎಂಬ ಮಾತು ಬಂದೊಡನೆ ಕೈ ಕೊಡಲಿಯತ್ತ ಹೋಗುತ್ತದೆ. ಕ್ಯಾಸಲ್‌ರಾಕ್–ಕುಲೇಂ ಘಟ್ಟಮಾರ್ಗವನ್ನೇ ನೋಡಿ. 37 ಅಡಿ ಸಾಗಿದರೆ ಒಂದಡಿ ಏರುವ ಕಡಿದಾದ ದಾರಿ ಅದು. ಭಗವಾನ್ ಮಹಾವೀರ ಅಭಯಾರಣ್ಯವನ್ನು ಹಾದು ಅಲ್ಲಿ ಜೋಡಿಹಳಿ ಹಾಕುವ ಯೋಜನೆಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಸಮ್ಮತಿಸಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ ಈ ಯೋಜನೆಗೆ ಸಮರ್ಥನೆಯಿಲ್ಲವೆಂದೂ, ಇದರಿಂದ ಸಾಮರ್ಥ್ಯ ಹೆಚ್ಚುವುದು ಅಲ್ಪವೆಂದೂ ವರದಿ ಮಾಡಿತು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಆ ಸಮ್ಮತಿಯನ್ನು ರದ್ದುಗೊಳಿಸಿತು. ಜೋಡಿಹಳಿ ಏಕೆ ಬೇಕು ಎಂಬುದಕ್ಕೆ ತಕ್ಕ ಆಧಾರವನ್ನು ರೈಲ್ವೆ ಒದಗಿಸಲಿಲ್ಲವೆಂಬುದು ತೀರ್ಪಿನ ಸಾರ. ಕಾಡಿನ ಬೆಲೆ ತೆರುವ ಯೋಜನೆಯೊಂದು ತನ್ನ ಅಗತ್ಯವನ್ನೇ ಸಾಬೀತುಪಡಿಸದೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ನಡೆದುಬಂದಿತ್ತು! 590 ಹೆಕ್ಟೇರಿಗೂ ಅಧಿಕ ಅರಣ್ಯ ಬೇಡುವ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ: ಇರುವ ಮಾರ್ಗಗಳಿಂದ ಪಡೆಯಬಹುದಾದುದನ್ನೆಲ್ಲ ಪಡೆದು ಮುಗಿಯಿತೇ?

ಸಾಮರ್ಥ್ಯದ ಮಾತು ಹಾಗಿರಲಿ, ಸುರಕ್ಷತೆಯ ಲೆಕ್ಕ ಇನ್ನೂ ಕಠೋರವಾಗಿದೆ. 2023ರ ಫೆಬ್ರವರಿ 8ರಂದು ಮೈಸೂರು ವಿಭಾಗದ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಸಂಪರ್ಕಕ್ರಾಂತಿ ಎಕ್ಸ್‌ಪ್ರೆಸ್ ತಪ್ಪು ಹಳಿಗೆ ಹೋಗಬೇಕಿತ್ತು. ಚಾಲಕರು ಅದನ್ನು ಗಮನಿಸಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ಇಂಟರ್‌ಲಾಕಿಂಗ್ ವ್ಯವಸ್ಥೆಯಲ್ಲಿ ಗಂಭೀರ ಲೋಪಗಳಿವೆಯೆಂದು ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದು ಎಚ್ಚರಿಸಿದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಾಲಸೋರ್ ಬಳಿ 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟಿನ ಬದಲಾವಣೆಯಲ್ಲಿ ನಡೆದ ತಪ್ಪುಗಳೇ ಕಾರಣವೆಂದು ತನಿಖೆ ಹೇಳಿತು. ಎಚ್ಚರಿಕೆ ಕರ್ನಾಟಕದಿಂದಲೇ ಹೋಗಿತ್ತೆಂಬುದನ್ನು ನಾವು ಮರೆಯಬಾರದು.

ಘರ್ಷಣೆ ತಡೆಯುವ ‘ಕವಚ’ ವ್ಯವಸ್ಥೆಯನ್ನು ಮೇಧಾ, ಎಚ್‌ಬಿಎಲ್, ಕರ್ನೆಕ್ಸ್ ಎಂಬ ಭಾರತೀಯ ಕಂಪನಿಗಳು ರೈಲ್ವೆಯ ಸಂಶೋಧನಾ ಸಂಸ್ಥೆಯೊಡನೆ ರೂಪಿಸಿವೆ. ಪ್ರಯಾಣಿಕರ ರೈಲಿನಲ್ಲಿ ಇದರ ಪರೀಕ್ಷೆ 2016ರಲ್ಲಿ ಆರಂಭವಾದದ್ದು ನಮ್ಮ ವಾಡಿ, ಬೀದರ್‌ಗಳನ್ನು ಮುಟ್ಟುವ ದಕ್ಷಿಣ ಮಧ್ಯ ರೈಲ್ವೆಯ ಮಾರ್ಗಗಳಲ್ಲಿ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯಾಗಿ ಸ್ವೀಕಾರವಾಯಿತು. ಆದರೂ ಬಾಲಸೋರ್ ದುರಂತದ ಹೊತ್ತಿಗೆ ಅದು ಅಳವಟ್ಟಿದ್ದು ಸುಮಾರು 1,465 ಕಿ.ಮೀ. ಮಾರ್ಗದಲ್ಲಿ ಮಾತ್ರ. ದೇಶದ ಮಾರ್ಗಜಾಲವಾದರೋ 68,000 ಕಿ.ಮೀ.ಗೂ ಅಧಿಕ. ಸುರಂಗ ಕೊರೆಯಲು ಸದಾ ಸಿದ್ಧವಿರುವ ಹಣ ಸಂಕೇತಕ್ಕೆ ಬಂದಾಗ ಮಾತ್ರ ಏಕೆ ತಡವರಿಸುತ್ತದೆ?

ಹಾಗೆಂದು ಕಂಪನಿಗಳ ಜಾಹೀರಾತನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಹಳದಿ ಮಾರ್ಗದಲ್ಲಿರುವಂತಹ ವ್ಯವಸ್ಥೆ ಎರಡು ನಿಮಿಷಕ್ಕೂ ಕಡಿಮೆ ಅಂತರದಲ್ಲಿ ರೈಲು ಓಡಿಸಬಲ್ಲದು. ಆದರೆ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, ಅಂತರ 25 ನಿಮಿಷ. ಏಕಹಳಿಯ ಘಟ್ಟದಲ್ಲಿ ಎದುರಿನ ರೈಲಿಗೆ ದಾರಿಬಿಡಲು ಕ್ರಾಸಿಂಗ್ ನಿಲ್ದಾಣವೇ ಬೇಕು, ಇಳಿಜಾರಿನ ಬ್ರೇಕ್ ನಿಯಮಗಳನ್ನು ಸಡಿಲಿಸುವಂತಿಲ್ಲ. ಆದ್ದರಿಂದ ಮೆಟ್ರೋದಲ್ಲಿ ಸಿಗುವಷ್ಟು ಲಾಭ ಇಲ್ಲಿ ಸಿಗದು. ಎಷ್ಟು ಸಿಗುತ್ತದೆ ಎಂಬ ಲೆಕ್ಕವನ್ನು ಜನರ ಮುಂದಿಡಿ ಎಂಬುದೇ ನಮ್ಮ ಆಗ್ರಹ.

ಇನ್ನೊಂದು ಮಿತಿ ಘಟ್ಟದವರಿಗೆ ಮಾತ್ರ ಚೆನ್ನಾಗಿ ಗೊತ್ತು. ಸಿಗ್ನಲ್ ರೈಲನ್ನು ಬಲ್ಲುದು, ಗುಡ್ಡವನ್ನರಿಯದು. ಕೊಂಕಣ ರೈಲ್ವೆಯಲ್ಲಿ 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿ ಹಳಿಗೆ ಬಿದ್ದ ಬಂಡೆಗಳು 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಮರುವರ್ಷದ ಜೂನ್‌ನಲ್ಲಿ ಕರಂಜಾಡಿಯ ಬಳಿ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೂ ಅದೇ ಗತಿಯಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. 2018ರ ಆಗಸ್ಟ್‌ನಲ್ಲಿಯೂ, 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆಯೂ ಗುಡ್ಡ ಜಾರಿ ಸಂಚಾರ ನಿಂತಿತು. ಬೇರು ಹಿಡಿದಿಟ್ಟ ಮಣ್ಣನ್ನು ಕಡಿದಾಗಿ ಕೊರೆದು ಬಿಟ್ಟರೆ, ಮಳೆಯ ನೀರು ಇಂಗಿ ಭಾರವಾದ ಇಳಿಜಾರು ತನ್ನ ನೆಲೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹೊಸ ಹಳಿಗಾಗಿ ಹೊಸ ಗುಡ್ಡ ಕಡಿಯುವುದೆಂದರೆ ಯಾವ ಸಿಗ್ನಲ್ಲೂ ತಡೆಯಲಾರದ ಅಪಾಯವನ್ನು ಕೈಯಾರೆ ಬಿತ್ತುವುದು.

ಆದಕಾರಣ ನಮ್ಮ ಬೇಡಿಕೆಗಳು ಇವು:

1. ಘಟ್ಟದಲ್ಲಿ ಜೋಡಿಹಳಿ ಅಥವಾ ಹೊಸ ಮಾರ್ಗದ ಪ್ರಸ್ತಾವನೆ ಬಂದಾಗ, ಸಂಕೇತ ಸುಧಾರಣೆಯಿಂದ ಇರುವ ಹಳಿಯಲ್ಲಿಯೇ ಎಷ್ಟು ರೈಲು ಓಡಿಸಬಹುದೆಂಬ ಅಧ್ಯಯನವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಅದಿಲ್ಲದ ಕಡತವನ್ನು ಅರಣ್ಯ ಇಲಾಖೆ ಸ್ವೀಕರಿಸಬಾರದು.

2. ಘಟ್ಟದ ಮಾರ್ಗಗಳಿಗೆ ಕವಚವನ್ನು ಆದ್ಯತೆಯ ಮೇಲೆ ಅಳವಡಿಸಬೇಕು. ಇಂಟರ್‌ಲಾಕಿಂಗ್ ಲೋಪಗಳ ತನಿಖಾ ವರದಿಗಳು ಬಹಿರಂಗವಾಗಬೇಕು.

3. ಮಳೆಮಾಪಕ ಹಾಗೂ ಗುಡ್ಡದ ಚಲನೆ ಅಳೆಯುವ ಉಪಕರಣಗಳನ್ನು ಸಿಗ್ನಲ್‌ಗೆ ಜೋಡಿಸಬೇಕು. ಮಣ್ಣು ಅಲುಗಿದಾಗ ರೈಲು ನಿಲ್ಲಬೇಕು.

4. ಆನೆ ಹಳಿಯ ಬಳಿ ಬಂದರೆ ಆಪ್ಟಿಕಲ್ ಫೈಬರ್ ಮೂಲಕ ಅರಿಯುವ ವ್ಯವಸ್ಥೆ ಈಶಾನ್ಯ ಗಡಿ ರೈಲ್ವೆಯಲ್ಲಿ ಬಳಕೆಯಲ್ಲಿದೆ. ಸಕಲೇಶಪುರದ ಆನೆ ದಾರಿಗಳಿಗೂ ಅದು ಬರಬೇಕು.

ಜಯದೇವದಲ್ಲಿ ರೈಲು ಹತ್ತುವ ನಾಗರಿಕರು ಈ ಬೇಡಿಕೆಗಳಿಗೆ ದನಿಗೂಡಿಸಲಿ. ಅವರ ಊರಿನಲ್ಲಿ ನೆಲ ದುಬಾರಿ, ಆದ್ದರಿಂದ ಒಂದು ಜೊತೆ ಹಳಿಯಿಂದ ಗರಿಷ್ಠ ಫಲ ತೆಗೆಯಬಲ್ಲ ತಂತ್ರಜ್ಞಾನಕ್ಕೆ ಹಣ ಸುರಿಯಲಾಯಿತು. ಘಟ್ಟದ ನೆಲಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವೆಂದು ಅದನ್ನು ಮೊದಲು ಕಡಿಯುವುದು ಲೆಕ್ಕವಲ್ಲ, ಅನ್ಯಾಯ. ಬೆಂಗಳೂರಿಗೆ ಕುಡಿಯುವ ನೀರು ಕೊಡುವ ಕಾವೇರಿ ಹುಟ್ಟುವುದು ಈ ಘಟ್ಟದಲ್ಲಿಯೇ.