ಲಗ್ನದ ಗೆರೆಯ ಮೇಲೆ ಹುಟ್ಟಿದವರು

ಅಕ್ಟೋಬರ್ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಈ ಸಲ ತಲಕಾವೇರಿಯಲ್ಲಿ ತೀರ್ಥ ಉಕ್ಕುವುದು ಎಷ್ಟು ಹೊತ್ತಿಗೆ, ಯಾವ ಲಗ್ನದಲ್ಲಿ? 2022ರಲ್ಲಿ ಸಂಜೆ 7.21ಕ್ಕೆ ಮೇಷ ಲಗ್ನ. ಮರುವರ್ಷ ನಡುರಾತ್ರಿ ಕಳೆದು 1.27ಕ್ಕೆ ಕರ್ಕಾಟಕ. 2024ರಲ್ಲಿ ಬೆಳಿಗ್ಗೆ 7.40ಕ್ಕೆ ತುಲಾ, 2025ರಲ್ಲಿ ಮಧ್ಯಾಹ್ನ 1.44ಕ್ಕೆ ಮಕರ. ತಲಕಾವೇರಿಗೆ ಹೊರಟವರು ಗಂಟೆಯನ್ನು ನೆನಪಿಟ್ಟುಕೊಂಡು ಲಗ್ನದ ಹೆಸರನ್ನು ಮರೆತುಬಿಡುತ್ತಾರೆ. ನನಗೆ ಆ ನಾಲ್ಕು ಹೆಸರುಗಳ ಸಾಲೇ ಇಷ್ಟ. ತೀರ್ಥ ಬರುವುದು ಸೂರ್ಯ ತುಲಾ ರಾಶಿಗೆ ಕಾಲಿಡುವ ಹೊತ್ತಿಗೆ, ಆ ಹೊತ್ತು ವರ್ಷವರ್ಷವೂ ಆರು ಗಂಟೆ ಒಂಬತ್ತು ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಭೂಮಿ ಕಾಲು ಸುತ್ತು ತಿರುಗಿ, ಪೂರ್ವದಲ್ಲಿ ಮೂರು ರಾಶಿಗಳು ಹುಟ್ಟಿ ಮೇಲೇರಿರುತ್ತವೆ. ಮೇಷದಿಂದ ಮೂರು ದಾಟಿದರೆ ಕರ್ಕಾಟಕ, ಅಲ್ಲಿಂದ ತುಲಾ, ಅಲ್ಲಿಂದ ಮಕರ.

ಒಂದು ಊರಿನಲ್ಲಿ, ಒಂದು ಕ್ಷಣದಲ್ಲಿ ಪೂರ್ವದ ಅಂಚಿನಲ್ಲಿ ಯಾವ ರಾಶಿ ಮೂಡುತ್ತಿದೆಯೋ ಅದೇ ಲಗ್ನ. ಸೂರ್ಯ ಹುಟ್ಟುವಾಗ ಸೂರ್ಯನಿರುವ ರಾಶಿಯೇ ಲಗ್ನವಾಗಿರುತ್ತದೆ. ಹಾಗಾಗಿಯೇ 2024ರಲ್ಲಿ, ಬೆಳಗಾಗಿ ಇನ್ನೂ ಒಂದೂವರೆ ಗಂಟೆ ಕಳೆಯದ ಹೊತ್ತಿಗೆ, ತುಲಾ ಸೂರ್ಯನ ಜೊತೆ ತುಲಾ ಲಗ್ನವೇ ಇತ್ತು. ಇದರಲ್ಲಿ ನಂಬಿಕೆಯ ಮಾತೇ ಇಲ್ಲ, ಇದು ಆಕಾಶದ ಲೆಕ್ಕ. ಆ ರಾಶಿ ಮನುಷ್ಯನ ಬಾಳನ್ನು ತಿದ್ದುತ್ತದೆಯೇ ಎಂಬಲ್ಲಿಂದ ನಂಬಿಕೆ ಶುರುವಾಗುತ್ತದೆ. ನಾನಿಲ್ಲಿ ಹೇಳಬೇಕೆಂದಿರುವುದು ಆ ನಂಬಿಕೆ ಇರುವವರಿಗೇ.

ನಮ್ಮಲ್ಲಿ ಯಾರನ್ನು ಕೇಳಿದರೂ ರಾಶಿ, ನಕ್ಷತ್ರ ಥಟ್ಟನೆ ಹೇಳುತ್ತಾರೆ. ಲಗ್ನ ಕೇಳಿದರೆ ಜಾತಕ ಹುಡುಕಲು ಒಳಗೆ ಹೋಗುತ್ತಾರೆ. ಅವರು ಹೇಳುವ ರಾಶಿಯೆಂದರೆ ಹುಟ್ಟಿದಾಗ ಚಂದ್ರನಿದ್ದ ಮನೆ. ಚಂದ್ರ ಒಂದು ಮನೆಯಲ್ಲಿ ಹೆಚ್ಚುಕಡಿಮೆ ಎರಡೂಕಾಲು ದಿನ ಇರುತ್ತಾನೆ, ಅಷ್ಟು ದಿನ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ರಾಶಿ. ಲಗ್ನವಾದರೋ ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಅದೂ ಸಮನಾಗಿ ಅಲ್ಲ: ನಮ್ಮ ಸೀಮೆಯಲ್ಲಿ ಮೀನ ಸುಮಾರು ಒಂದು ಗಂಟೆ ನಲವತ್ತು ನಿಮಿಷದಲ್ಲಿ ಹುಟ್ಟಿ ಮುಗಿದರೆ, ಧನು ಎರಡು ಗಂಟೆ ಹತ್ತು ನಿಮಿಷದಷ್ಟು ತೆಗೆದುಕೊಳ್ಳುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ ಎಂದು ಹಿಡಿದುಕೊಳ್ಳಬಹುದು. ಹನ್ನೆರಡು ಭಾವಗಳ, ಎಂದರೆ ಜಾತಕದ ಮನೆಗಳ, ಎಣಿಕೆ ಶುರುವಾಗುವುದೇ ಲಗ್ನದಿಂದ. ಜಾತಕದ ಭಾರವೆಲ್ಲ ಹೋಗಿ ಕೂರುವುದು ಹುಟ್ಟಿದ ನಿಮಿಷದ ಮೇಲೆ.

ಆ ನಿಮಿಷವನ್ನು ಬರೆಯುವವರು ನಾವು, ಹೆರಿಗೆ ಕೋಣೆಯ ದಾದಿಯರು.

ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳಾಗಿ ಹೇಳುತ್ತಿದ್ದೇನೆ. ತಲೆ ಹೊರಬಂದಾಗ ಹುಟ್ಟಿತು ಎನ್ನಬೇಕೋ, ಪೂರ್ತಿ ಮೈ ಬಂದಾಗಲೋ, ಅತ್ತಾಗಲೋ, ಹೊಕ್ಕುಳ ಬಳ್ಳಿ ಕತ್ತರಿಸಿದಾಗಲೋ? ನಾವು ಬರೆಯುವುದು ಪೂರ್ತಿ ಮೈ ಹೊರಬಂದ ಹೊತ್ತನ್ನು. ಆದರೆ ಆ ಗಳಿಗೆಯಲ್ಲಿ ನಮ್ಮ ಎರಡೂ ಕೈ ಮಗುವಿನ ಮೇಲಿರುತ್ತವೆ. ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚಬೇಕು, ಮಗುವಿನ ಬಣ್ಣ, ಉಸಿರು, ಎದೆಬಡಿತ ನೋಡಬೇಕು. ಮಗು ಅಳದಿದ್ದರಂತೂ ಒರೆಸಿ, ಬೆನ್ನು ತಿಕ್ಕಿ, ಬೇಕಾದರೆ ಚೀಲ ಹಿಡಿದು ಉಸಿರು ಊದುವವರೆಗೆ ಗೋಡೆ ಗಡಿಯಾರದ ನೆನಪೂ ಬರುವುದಿಲ್ಲ. ಆಮೇಲೆ ತಲೆಯೆತ್ತಿ ನೋಡಿ, ಕಳೆದಿರಬಹುದಾದ ನಿಮಿಷಗಳನ್ನು ಕಳೆದು, 4.35 ಎಂದು ಬರೆಯುತ್ತೇವೆ. ಹೆರಿಗೆ ಕೋಣೆಯ ಗಡಿಯಾರಕ್ಕೂ ವಾರ್ಡಿನ ಗಡಿಯಾರಕ್ಕೂ ಮೂರು ನಿಮಿಷ ವ್ಯತ್ಯಾಸ ಇರುವುದು ಹೊಸದೇನಲ್ಲ. ಹಳೆಯ ರಿಜಿಸ್ಟರು ಸಿಕ್ಕರೆ ಒಮ್ಮೆ ತಿರುವಿ ನೋಡಿ, ಹೊತ್ತಿನ ಕೊನೆಯಂಕಿ ಬಹುಪಾಲು ಸೊನ್ನೆ ಇಲ್ಲವೇ ಐದು. ಚಿಕಿತ್ಸೆಗೆ ಅಷ್ಟು ನಿಖರತೆ ಸಾಕು, ಧಾರಾಳವಾಗಿ ಸಾಕು.

ಅದೇ ಹೊತ್ತು ಚೀಟಿಯಲ್ಲಿ ಮನೆಗೆ ಹೋಗಿ, ಮನೆಯಿಂದ ಮೊಬೈಲ್ ಆ್ಯಪ್‌ಗೆ ಹೋಗುತ್ತದೆ. ಆ್ಯಪ್ ಲಗ್ನವನ್ನು ಡಿಗ್ರಿ, ಕಲೆ, ವಿಕಲೆಗಳವರೆಗೆ ಅಚ್ಚು ಹಾಕಿ ಕೊಡುತ್ತದೆ. ನೋಡಿದವರಿಗೆ ಬ್ರಹ್ಮಲಿಪಿ. ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಅಭಿಮಾನಕ್ಕೆ ಮಡಿಕೇರಿ ಎಂದು ತುಂಬಿಸಿದರೆ ಅಲ್ಲಿಗೇ ಏಳು ನಿಮಿಷ ಏರುಪೇರು, ಏಕೆಂದರೆ ಬೆಂಗಳೂರಿನ ಪೂರ್ವದಲ್ಲಿ ಮೂಡಿದ್ದು ನಮ್ಮಲ್ಲಿ ಮೂಡಲು ಅಷ್ಟು ತಡ. ರಾಶಿಗಳನ್ನು ಆಕಾಶದಲ್ಲಿ ಎಲ್ಲಿಂದ ಎಣಿಸಬೇಕೆಂದು ಗೊತ್ತುಮಾಡುವ ಅಯನಾಂಶದ್ದು ಇನ್ನೊಂದು ಕಥೆ. ಸರ್ಕಾರಿ ಪಂಚಾಂಗ ಒಪ್ಪಿರುವ ಲಾಹಿರಿ ಅಯನಾಂಶಕ್ಕೂ ನಮ್ಮ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಬಳಸಿದ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ಅಂತರವಿದೆ, ಎಂದರೆ ಆರು ನಿಮಿಷ. ಲಾಹಿರಿ ಪ್ರಕಾರ ಮೇಷದ ಕೊನೆಯ ಡಿಗ್ರಿಯಲ್ಲಿ ಹುಟ್ಟಿದ ಮಗು ರಾಮನ್ ಪ್ರಕಾರ ವೃಷಭ ಲಗ್ನದ್ದು. ಇಬ್ಬರೂ ವಿದ್ವಾಂಸರೇ.

ಹಳೆಯ ಕಾಲದಲ್ಲಿ ಎಲ್ಲ ಕರಾರುವಾಕ್ಕಾಗಿತ್ತು ಎನ್ನುವವರಿದ್ದಾರೆ. ಸೂರ್ಯೋದಯದಿಂದ ಇಷ್ಟು ಘಟಿ, ಇಷ್ಟು ವಿಘಟಿ ಎಂದು ತಾಳೆಗರಿಯಲ್ಲಿ ಬರೆದಿರುವುದನ್ನು ನಾನೂ ನೋಡಿದ್ದೇನೆ. ಒಂದು ಘಟಿ 24 ನಿಮಿಷ, ವಿಘಟಿ 24 ಸೆಕೆಂಡು. ಆದರೆ ಮಳೆ ಹಿಡಿದ ಕಕ್ಕಡ ತಿಂಗಳ ಕೊಡಗಿನಲ್ಲಿ ವಾರಗಟ್ಟಲೆ ಸೂರ್ಯನ ಮುಖವೇ ಕಾಣದಿರುವಾಗ ಉದಯದಿಂದ ಘಟಿ ಎಣಿಸಿದ್ದು ಹೇಗೆ? ನನ್ನ ತಾಯಿ ಹುಟ್ಟಿದ ಹೊತ್ತು ಮನೆಯವರ ಬಾಯಲ್ಲಿ ‘ದನ ಕೊಟ್ಟಿಗೆಗೆ ಬರುವಾಗ’ ಎಂದಷ್ಟೇ ಉಳಿದಿತ್ತು. ಜಾತಕದಲ್ಲಿ ಮಾತ್ರ ವಿಘಟಿಯವರೆಗೂ ಅಂಕಿ ಇತ್ತು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ನನ್ನ ತಂಗಿಯ ಮಗಳು. ಒಳ್ಳೆಯ ಸಂಬಂಧ ಬಂದಿತ್ತು, ಇಬ್ಬರೂ ಒಪ್ಪಿದ್ದರು. ಹುಡುಗನ ಕಡೆಯವರು ಕುಜದೋಷ ಎಂದು ಹಿಂದೆ ಸರಿದರು. ಅವಳದು ಮೇಷ ಲಗ್ನ, ಕುಜ ವೃಷಭದಲ್ಲಿ, ಅಲ್ಲಿಗೆ ಎರಡನೆಯ ಮನೆ. ನಮ್ಮ ಕಡೆ ಲಗ್ನದಿಂದ 2, 4, 7, 8, 12ರಲ್ಲಿ ಕುಜನಿದ್ದರೆ ದೋಷವೆನ್ನುತ್ತಾರೆ. ಜಾತಕದ ಹಾಳೆ ತರಿಸಿ ನೋಡಿದೆ. ಲಗ್ನ ಮೇಷದ ಸೊನ್ನೆ ಡಿಗ್ರಿ ಚಿಲ್ಲರೆಯಲ್ಲಿದೆ, ಒಂದು ಡಿಗ್ರಿಯೂ ತುಂಬಿಲ್ಲ. ಅವಳು ಎರಡು ಮೂರು ನಿಮಿಷ ಮೊದಲು ಹುಟ್ಟಿದ್ದರೆ ಮೀನ ಲಗ್ನ, ಕುಜ ಮೂರನೆಯ ಮನೆ, ದೋಷವೇ ಇಲ್ಲ. ಆಸ್ಪತ್ರೆಯವರು ಬರೆದ ಹೊತ್ತಿನ ಕೊನೆಯಂಕಿ ಐದು. ನನ್ನಂಥವಳೊಬ್ಬಳು ರಕ್ತ ಒರೆಸಿಕೊಂಡ ಕೈಯಲ್ಲಿ ಬರೆದ ಆ ಐದರ ಮೇಲೆ ಒಂದು ಮದುವೆ ನಿಂತುಹೋಯಿತು. ಅವಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ಅದೃಷ್ಟವೆಂದು ಒಪ್ಪಿಕೊಳ್ಳಲು ನನಗಾಗುವುದಿಲ್ಲ.

ಇನ್ನೊಂದು ಕಡೆ ಲಗ್ನ ಹಿಡಿಯಲು ಮಗುವನ್ನೇ ಎಳೆಯುವುದು ಶುರುವಾಗಿದೆ. ಮುಹೂರ್ತದ ಚೀಟಿ ಹಿಡಿದು, ‘ಸಿಸ್ಟರ್, 11.20ರೊಳಗೆ ತೆಗೆಯಬಹುದಾ’ ಎಂದು ಕೇಳಿದವರಿದ್ದಾರೆ. ಸಿಸೇರಿಯನ್ ಹೇಗೂ ಬೇಕು, ವಾರ ತುಂಬಿದೆ ಎಂದಾದರೆ ಡಾಕ್ಟರಿಗೆ ಅನುಕೂಲವಾದ ಹೊತ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಮುಂದಿನ ವಾರ ಗ್ರಹಸ್ಥಿತಿ ಚೆನ್ನಾಗಿಲ್ಲವೆಂದು 37ನೆಯ ವಾರಕ್ಕೇ ಹೊಟ್ಟೆ ಕೊಯ್ಯಿಸುವುದನ್ನು ನಾನು ಸಹಿಸಲಾರೆ. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ಮೂಗಿನ ಹೊಳ್ಳೆ ಅರಳಿಸಿ, ಪಕ್ಕೆ ಒಳಗೆಳೆದುಕೊಂಡು ಉಸಿರಿಗೆ ಒದ್ದಾಡುವ ಶಿಶುವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿದವರು ಮತ್ತೆಂದೂ ಈ ಚೀಟಿ ತರಲಾರರು. ಮಗುವಿನ ಎದೆಬಡಿತ ಇಳಿಯುತ್ತಿರುವಾಗ ರಾಹುಕಾಲ ಕಳೆಯಲಿ ಎನ್ನುವುದಂತೂ ಮಗುವಿನ ಜೀವವನ್ನೇ ಪಣಕ್ಕಿಟ್ಟಂತೆ.

ಜ್ಯೋತಿಷಿಗಳಲ್ಲಿ ನನ್ನದೊಂದು ನೇರ ಕೋರಿಕೆ. ಲಗ್ನಸಂಧಿ ಎಂಬ ಮಾತು ನಿಮ್ಮ ಶಾಸ್ತ್ರದಲ್ಲೇ ಇದೆ. ಎರಡು ಲಗ್ನಗಳ ನಡುವಿನ ಗೆರೆಯ ಆಚೀಚೆ ಹತ್ತು ನಿಮಿಷದೊಳಗೆ ಹುಟ್ಟಿದ ಮಗುವಿನ ಜಾತಕದಲ್ಲಿ ಅದನ್ನು ಎದ್ದು ಕಾಣುವಂತೆ ಬರೆಯಿರಿ, ಎರಡೂ ಕುಂಡಲಿ ಹಾಕಿಕೊಡಿ. ಯಾವ ಅಯನಾಂಶ, ಯಾವ ಊರು ಎಂಬುದೂ ಅದರ ಕೆಳಗಿರಲಿ. ಎರಡರಲ್ಲಿ ಒಂದೇ ಕುಂಡಲಿಯಲ್ಲಿ ಬರುವ ದೋಷವನ್ನು ಹೆಣ್ಣಿನ ಮನೆಯವರ ಮುಂದೆ ಎತ್ತಲೇಬೇಡಿ. ವರನ ಕಡೆಯವರು ಆ್ಯಪ್‌ನ ಹಾಳೆ ತಂದರೆ ಹುಟ್ಟಿದ ಹೊತ್ತು ಎಲ್ಲಿಂದ ಬಂತೆಂದು ಮೊದಲು ಕೇಳಿ. ತಂಗಿಯ ಮಗಳಿಗೆ ನಾವೀಗ ಎರಡು ಕುಂಡಲಿ ಬರೆಸಿದ್ದೇವೆ, ಒಂದು ಮೀನ ಲಗ್ನದ್ದು, ಒಂದು ಮೇಷದ್ದು. ಇನ್ನು ಮುಂದೆ ಯಾರೇ ಕೇಳಿದರೂ ಎರಡನ್ನೂ ಒಟ್ಟಿಗೇ ಕೊಡುತ್ತೇವೆ.