ಒಪ್ಪಿಸುವುದು ಎಸೆಯುವುದಲ್ಲ

ಬೆಳಿಗ್ಗೆ ಬೈಂದೂರಿನಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ಪೇಪರ್ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲೋ ಹಾಡಿಯಲ್ಲಿ ನವಜಾತ ಶಿಶು ಸಿಕ್ಕಿದ ಸುದ್ದಿ ಇದ್ದ ದಿನ, ಬಸ್ಸು ಹೆಮ್ಮಾಡಿ ದಾಟುವಷ್ಟರಲ್ಲಿ ತೀರ್ಪು ಬಂದಿರುತ್ತದೆ. ‘ಹೆತ್ ಬಿಸಾಡುಕೆ ಮನ್ಸ್ ಹ್ಯಾಂಗ್ ಬಂತ್ ಮಾರಾಯ್ತಿ?’ ಮಗುವಿನ ಅಪ್ಪ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ.

ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಆಕೆಗೆ ಬೇರೆ ದಾರಿ ಇತ್ತೇ? ಇದ್ದರೆ, ಹೇಳಿದವರು ಯಾರಾದರೂ ಇದ್ದರೇ? ಕ್ಲಾಸಿನ ಗೆಳತಿಯರನ್ನು ಕೇಳಿದೆ. ‘ದತ್ತು ಕೊಡಬಹುದಲ್ವಾ’ ಎಂದರು ಇಬ್ಬರು. ಎಲ್ಲಿ, ಹೇಗೆ ಎಂದರೆ ಉತ್ತರವಿಲ್ಲ. ಮೆಷಿನ್ ಲರ್ನಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡುವ ನಮಗೆ ಇದು ಸಿಲೆಬಸ್ಸಿನಲ್ಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಗರ್ಭಪಾತ ಬೇಡ ಎನ್ನುವ ವಾದ ನನ್ನದಲ್ಲ. 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ 20 ವಾರದವರೆಗೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಕಾನೂನಿನ ಅವಕಾಶವಿದೆ. ಅವಿವಾಹಿತೆ ಎಂಬ ಕಾರಣಕ್ಕೆ ಈ 24 ವಾರಗಳ ಅವಕಾಶ ತಪ್ಪಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅದು ಅವಳ ತೀರ್ಮಾನ. ಆದರೆ ಹೆದರಿ ಮುಚ್ಚಿಟ್ಟವಳು ಬಾಯಿ ಬಿಡುವಾಗ ಆರು ತಿಂಗಳು ದಾಟಿರಬಹುದು. ಇನ್ನು ಕೆಲವರಿಗೆ ಹೆರುವ ಮನಸ್ಸಿದೆ, ಸಾಕುವ ಸ್ಥಿತಿಯಿಲ್ಲ. ದತ್ತಿನ ಮಾತು ಬರುವುದು ಇಲ್ಲಿ.

2015ರ ಬಾಲ ನ್ಯಾಯ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಸಾಕಲಾಗದ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮದುವೆಯಾಗದ ತಾಯಿಯಾದರೆ ಅವಳೊಬ್ಬಳ ಸಹಿ ಸಾಕು. ಮೊದಲು ಕೌನ್ಸೆಲಿಂಗ್ ಇರುತ್ತದೆ. ಹೆಸರು ಗುಟ್ಟಾಗಿರುತ್ತದೆ. (18 ತುಂಬದವಳಾದರೆ ಪೋಕ್ಸೊ ಕೂಡ ಬರುತ್ತದೆ.) ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಸಹಿಯ ನಂತರದ ಎರಡು ತಿಂಗಳು. ಅಷ್ಟರೊಳಗೆ ಮನಸ್ಸು ಬದಲಾದರೆ ಮಗುವನ್ನು ವಾಪಸ್ ಕೇಳಬಹುದು. ಹೆತ್ತ ಮರುದಿನದ ಸುಸ್ತು, ಮನೆಯವರ ಬೈಗುಳದ ನಡುವೆ ಹಾಕಿದ ಸಹಿಯೇ ಕೊನೆಯಲ್ಲ ಎಂದು ಕಾನೂನು ಬರೆದವರಿಗೂ ಅನಿಸಿದೆ. ಅದೇ ಮಗುವನ್ನು ಪೊದೆಯಲ್ಲಿ ಬಿಟ್ಟರೆ ಏಳು ವರ್ಷದವರೆಗೆ ಜೈಲಾಗಬಹುದು.

ಇದೆಲ್ಲ ದೂರದ ಊರಿನ ವಿಷಯವಲ್ಲ. ಬ್ರಹ್ಮಾವರ ದಾಟಿ ಉಡುಪಿಗೆ ಹೋಗುವಾಗ ಸಿಗುವ ಸಂತೆಕಟ್ಟೆಯಲ್ಲಿ ಕೃಷ್ಣಾನುಗ್ರಹ ದತ್ತು ಕೇಂದ್ರವಿದೆ. ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೋ, ತಿಳಿದದ್ದು ಈಗ.

ಈ ವಿಷಯ ಮನೆಯಲ್ಲಿ ಎತ್ತಿದಾಗ ಅಮ್ಮಮ್ಮ, ‘ಮಕ್ಕಳಿಲ್ಲದ ಯಾರಿಗಾದರೂ ಸುಮ್ಮನೆ ಕೊಟ್ಟರೆ ಆಯ್ತಪ್ಪ, ಪುಣ್ಯ’ ಎಂದರು. ಅವರ ಕಾಲದಲ್ಲಿ ಹಾಗೆ ನಡೆದಿರಬಹುದು. ಈಗ ಕಾನೂನಿನ ದಾರಿ ಬಿಟ್ಟು ಹೊರಗಿನವರಿಗೆ ಮಗು ಕೊಡುವುದು ಅಪರಾಧವಾಗಬಹುದು, ನಡುವೆ ಹಣ ಬಂದರೆ ಅದು ಮಾರಾಟ. ಮಗು ಯಾರ ಕೈ ಸೇರಿತು ಎಂದು ವಿಚಾರಿಸುವವರೂ ಇರುವುದಿಲ್ಲ. ಸರಿಯಾದ ದಾರಿಯಲ್ಲಿ ಕಾಯುವವರಿಗೇನೂ ಕೊರತೆಯಿಲ್ಲ. ಕೇಂದ್ರದ ದತ್ತು ಪ್ರಾಧಿಕಾರದಲ್ಲಿ ಹೆಸರು ಬರೆಸಿದ ದಂಪತಿಗಳು ವರ್ಷಗಟ್ಟಲೆ ಕಾಯುತ್ತಾರೆ. 2024-25ರಲ್ಲಿ ದೇಶದಲ್ಲಿ ದತ್ತು ಹೋದ ಮಕ್ಕಳು 4,515.

ಒಪ್ಪಿಸುವುದು ಸುಲಭ ಎನ್ನುತ್ತಿಲ್ಲ. ಒಂಬತ್ತು ತಿಂಗಳು ಹೊತ್ತವಳಿಗೆ ಅದು ಹೇಗಿರುತ್ತದೋ, ಇಪ್ಪತ್ತರ ನಾನು ಹೇಳಲಾರೆ. ಯಾರೂ ಅವಳನ್ನು ಹಾಗೆ ಮಾಡು ಎಂದು ಒತ್ತಾಯಿಸಲೂ ಬಾರದು. ಆದರೆ ಇಂಥದೊಂದು ದಾರಿಯಿದೆ ಎಂಬುದಾದರೂ ಗೊತ್ತಿರಬೇಕಲ್ಲ? ಹುಡುಗರಿಗೂ.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ರ‍್ಯಾಗಿಂಗ್ ದೂರಿನ ನಂಬರ್ ಇದೆ, ಮಕ್ಕಳ ಸಹಾಯವಾಣಿ 1098 ಇಲ್ಲ. ಕಳೆದ ವಾರ ಲೇಡೀಸ್ ರೂಮಿನ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದೆ: 1098, ಮಕ್ಕಳ ಕಲ್ಯಾಣ ಸಮಿತಿ, ಎರಡು ತಿಂಗಳ ಅವಕಾಶ, ಇಷ್ಟೇ. ಎರಡೇ ದಿನದಲ್ಲಿ ಯಾರೋ ಕಿತ್ತಿದ್ದರು. ಹರಿದು ಎಸೆದರೋ, ಮಡಚಿ ಇಟ್ಟುಕೊಂಡರೋ ಗೊತ್ತಿಲ್ಲ. ಇನ್ನೊಂದು ಅಂಟಿಸಿದ್ದೇನೆ.